ಒಳಗಿನವರು

ಫೆಬ್ರವರಿ ೧೬, ಭಾನುವಾರ

ಅಕ್ಕ,

ಬಾಡಿಗೆ ಮನೆಯವರ ಹಾಗೆ ಎಂದೆಯೋ, ಬಾಡಿಗೆ ಮನೆಯವರಿಗಿಂತ ಎಂದೆಯೋ, ಅಷ್ಟಕ್ಕೆ ಲೈನು ಕಡಿದುಹೋಯಿತು. ಉಳಿದದ್ದನ್ನು ನಾನೇ ಪೂರ್ತಿ ಮಾಡಿಕೊಂಡಿದ್ದೇನೆ. ಬಾಡಿಗೆ ಮನೆಯವರ ಹಾಗೆ ಗೋಡೆಗೊಂದು ಮೊಳೆ ಹೊಡೆಯುವುದಕ್ಕೂ ಹೆದರುತ್ತೀಯಲ್ಲೇ ಎಂದು ನೀನು ಹೇಳಿರಬೇಕು. ಬೇರೇನಾದರೂ ಹೇಳಿದ್ದರೆ ತಿದ್ದು. ಈ ಮಾತು ಕೆಲವು ವಾರಗಳಿಂದ ಕಿವಿಯಲ್ಲೇ ಕೂತಿದೆ. ಕಾಗದ ತಡವಾದದ್ದಕ್ಕೂ ಅದೇ ಕಾರಣ. ಬರೆಯಲು ಕೂತಾಗಲೆಲ್ಲ ಮೊದಲು ನಿನಗೊಂದು ಉತ್ತರ ಕೊಡಬೇಕು ಅನ್ನಿಸುತ್ತಿತ್ತು, ಉತ್ತರ ಇರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಬಂಡೆಗಳ ನಡುವೆ ಸಿಗ್ನಲ್ಲು ಸಿಕ್ಕಾಗ ನನಗೆ ಕೆಲಸ, ನನಗೆ ಬಿಡುವಾದಾಗ ನಿನಗೆ ಸಿಗ್ನಲ್ಲಿಲ್ಲ. ಕೋಪ ಮಾಡಿಕೊಳ್ಳಬೇಡ.

ಇಲ್ಲಿ ಎಲ್ಲರೂ ಕ್ಷೇಮ. ನಮ್ಮ ಮನೆಯವರು ಮಕ್ಕಳಿಗೆ ಓಡುವುದನ್ನು ಹೇಳಿಕೊಡಲು ಹೋಗಿ ತಾವೇ ಮೊಣಕಾಲು ಹಿಡಿಸಿಕೊಂಡಿದ್ದಾರೆ. ವ್ಯಾಯಾಮದ ಮೇಷ್ಟ್ರು ಕುಂಟುವುದನ್ನು ಶಾಲೆಯ ಮಕ್ಕಳು ನೋಡಬಾರದೆಂದು ಈಗ ಮೈದಾನದ ನಡುವೆ ಒಂದೇ ಕಡೆ ನಿಂತು ಸೀಟಿ ಊದುತ್ತಾರಂತೆ. ಮನೆಗೆ ಬಂದು ನನ್ನ ಮೇಲೂ ಊದುತ್ತಾರೆ.

ಮೊದಲು ನಗುವ ಸುದ್ದಿ ಹೇಳಿಬಿಡುತ್ತೇನೆ. ಲ್ಯಾಬಿನಲ್ಲಿ ಫೋನು ತೆಗೆದುಕೊಳ್ಳುವುದಕ್ಕೆ ಹೊಸಬಳೊಬ್ಬಳು ಸೇರಿದ್ದಾಳೆ. ಬಹಳ ಅಚ್ಚುಕಟ್ಟು. ಕೃತಕ ಹಲ್ಲು ಕಟ್ಟಲು ದಂತವೈದ್ಯರು ಕಳಿಸುವ ಬಾಯಿಯ ಅಚ್ಚುಗಳನ್ನು ಪೊಟ್ಟಣ ಬಿಚ್ಚಿ, ತೊಳೆದು, ಯಾರ ಬಾಯಿ ಯಾವುದು ಎಂದು ತಪ್ಪಿಲ್ಲದೆ ಸಾಲಾಗಿ ಇಡುತ್ತಾಳೆ. ಬಂದ ದಿನದಿಂದ ಬೆಳಿಗ್ಗೆ ನನ್ನ ಒಳಕೋಣೆಗೆ ಎರಡು ಕಪ್ಪು ಟೀ ತಂದಿಡುತ್ತಿದ್ದಳು. ನಾನು ಎರಡನ್ನೂ ಕುಡಿಯುತ್ತಿದ್ದೆ. ಪಾಪ, ನಮ್ಮ ಆಯಾಸ ಇವಳಿಗಾದರೂ ಗೊತ್ತಾಯಿತಲ್ಲ ಎಂದುಕೊಂಡಿದ್ದೆ. ಮೊನ್ನೆ ಖಾಲಿ ಕಪ್ಪು ತೆಗೆಯುತ್ತ, ದನಿ ತಗ್ಗಿಸಿ ಕೇಳಿದಳು.

"ಮೇಡಂ, ಅವ್ರಿಗೆ ಸಕ್ಕರೆ ಸರಿಹೋಗ್ತಿದ್ಯಾ?"

"ಯಾರಿಗೆ?"

"ಒಳಗಿನವ್ರಿಗೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ವಿಷಯ ಏನೆಂದರೆ, ಯಾರು ಏನು ಕೇಳಿದರೂ ನಾನು "ಒಂದ್ನಿಮಿಷ, ಕೇಳಿ ಹೇಳ್ತೀನಿ" ಎಂದು ಒಳಕೋಣೆಗೆ ಹೋಗುತ್ತೇನಲ್ಲ, ಅಲ್ಲೊಬ್ಬ ದೊಡ್ಡ ಯಜಮಾನರು ಕೂತಿದ್ದಾರೆ ಎಂದು ಅವಳು ತಿಳಿದಿದ್ದಾಳೆ. ಹಳಬರೆಲ್ಲ ನನ್ನ ಬೆನ್ನ ಹಿಂದೆ ತಮಾಷೆಗೆ ಹುಟ್ಟಿಸಿದ ಹೆಸರು ಅದು, ಒಳಗಿನವರು. ರಜೆ ಬೇಕೆಂದರೆ ಒಳಗಿನವರು ಒಪ್ಪಬೇಕು, ಕೆಲಸ ಕೆಟ್ಟರೆ ಒಳಗಿನವರು ಬೈಯುತ್ತಾರೆ. ಇವಳಿಗೆ ಅದು ತಮಾಷೆ ಎಂದು ಯಾರೂ ಹೇಳಿಲ್ಲ. ಗುಟ್ಟು ಕಾಯುವವಳಂತೆ ಒಬ್ಬ ಇಲ್ಲದ ಮನುಷ್ಯನಿಗೆ ಟೀ ಹೊತ್ತಿದ್ದಾಳೆ.

ನಾನೇನು ಹೇಳಿದೆ ಗೊತ್ತೇನು? ಅಲ್ಲಿ ಯಾರೂ ಇಲ್ಲ ಮಗು ಎಂದು ಹೇಳಬೇಕಿತ್ತು. "ಸ್ವಲ್ಪ ಕಮ್ಮಿ ಹಾಕು" ಎಂದೆ.

ಮನೆಗೆ ಬಂದು ಇದನ್ನು ಹೇಳಿ ನಗಬೇಕೆಂದಿದ್ದವಳು ಹೇಳುವಾಗ ನಡುವೆಯೇ ನಿಲ್ಲಿಸಿದೆ. ಕೇಳಿ ಹೇಳ್ತೀನಿ ಎಂಬ ಆ ಮಾತು ಎಲ್ಲಿಂದ ಬಂತೆಂದು ನಿನಗೆ ಗೊತ್ತು. ಅಪ್ಪ ಒಳಗೆ ಹಲ್ಲು ಬೇಯಿಸುವ ಒಲೆಯ ಮುಂದೆ, ನಾನು ಹೊರಗೆ ಫೋನಿನ ಮುಂದೆ. ಈ ಬಣ್ಣ ಕೂಡುತ್ತದಾ, ಈ ಸೆಟ್ಟು ಶುಕ್ರವಾರಕ್ಕೆ ಸಿಗುತ್ತದಾ ಎಂದು ಡಾಕ್ಟರುಗಳು ಕೇಳಿದರೆ, ಕೇಳಿ ಹೇಳ್ತೀನಿ ಎಂದು ಒಳಗೆ ಹೋಗಿ ಅಪ್ಪನನ್ನು ಕೇಳಿ ಬರುತ್ತಿದ್ದೆ. ಆಮೇಲೆ ಅಪ್ಪ ಲ್ಯಾಬಿಗೆ ಬರುವುದು ನಿಂತಿತು. ಆಮೇಲೆ ಅಪ್ಪನೇ ಹೋದರು. ಮಾತು ಮಾತ್ರ ನನ್ನ ಬಾಯಲ್ಲಿ ಉಳಿಯಿತು. ಈಗಲೂ ಒಳಗೆ ಹೋಗುತ್ತೇನೆ, ಪಿಂಗಾಣಿ ಬೇಯಿಸುವ ಒಲೆಯ ಕೆಂಪು ದೀಪ ನೋಡುತ್ತ ನಿಲ್ಲುತ್ತೇನೆ, ಹೊರಗೆ ಬಂದು ಹೇಳುತ್ತೇನೆ. ಹೇಳಿದ್ದು ಬಹುಮಟ್ಟಿಗೆ ಸರಿಯಾಗಿರುತ್ತದೆ. ಸರಿಯಾದಾಗಲೆಲ್ಲ ಅದು ನನ್ನದಲ್ಲ, ಎಲ್ಲಿಂದಲೋ ಎರವಲು ತಂದದ್ದು ಅನ್ನಿಸುತ್ತದೆ.

ಎಲ್ಲಿಂದ ಎಂದು ಕೇಳಿದರೆ ನಿನ್ನಿಂದಲೇ. ಅಲ್ಲಿ ನಿಂತು ನಾನು ಕೇಳುವುದು ನಿನ್ನನ್ನು. ಅಕ್ಕ ಇದ್ದಿದ್ದರೆ ಏನು ಮಾಡುತ್ತಿದ್ದಳು ಎಂದು. ಕೈಯಿದ್ದದ್ದು ನಿನಗೆ. ನೀನು ಮೇಣ ಮುಟ್ಟಿದರೆ ಹಲ್ಲಾಗುತ್ತಿತ್ತು, ನಾನು ಮುಟ್ಟಿದರೆ ಮೇಣವಾಗಿಯೇ ಇರುತ್ತಿತ್ತು. ನೀನು ಭೂವಿಜ್ಞಾನ ಓದಲು ಹೊರಟಾಗ ಅಪ್ಪ ಬಂದವರಿಗೆಲ್ಲ, ನಮ್ಮ ದೊಡ್ಡವಳು ಹಲ್ಲು ಬಿಟ್ಟು ಕಲ್ಲು ಹಿಡಿದಳು ಎಂದು ನಗುತ್ತ ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಬಹಳ ಸಲ ಹೇಳುತ್ತಿದ್ದರು.

ಅಪ್ಪನ ಎರಡು ಕೋಣೆ ಈಗ ಮೂರು ಅಂತಸ್ತು. ದೂರದ ಊರುಗಳಿಂದಲೂ ಅಚ್ಚುಗಳು ಬರುತ್ತವೆ. ಲ್ಯಾಬುಗಳ ಸಂಘದವರು ನನ್ನನ್ನು ಕರೆದು, ನೀವು ಬೆಳೆದ ದಾರಿಯ ಬಗ್ಗೆ ಮಾತಾಡಿ ಎಂದರು. ಭಾಷಣ ಬರೆದು ಮನೆಯವರಿಗೆ ಓದಿ ತೋರಿಸಿದೆ. ಹೊಸ ಒಲೆ ತರಿಸಲಾಯಿತು, ಜನರಿಗೆ ಕಲಿಸಲಾಯಿತು, ಲ್ಯಾಬನ್ನು ವಿಸ್ತರಿಸಲಾಯಿತು. ಅವರು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳಿಸಿಕೊಂಡು, "ಅಲ್ವೇ, ನಿನ್ನ ಲ್ಯಾಬು ಗೋಡೆ ಮೇಲೆ ಪಾಚಿ ಬಂದ ಹಾಗೆ ತಾನಾಗೇ ಬಂತಾ?" ಎಂದರು. ತಾನು ಮಾಡಿದ್ದು ತನ್ನದಲ್ಲ ಅನ್ನಿಸುವುದಕ್ಕೆ ಏನೋ ಒಂದು ಹೆಸರಿದೆಯಂತೆ, ದೊಡ್ಡ ದೊಡ್ಡವರಿಗೂ ಇರುತ್ತದಂತೆ, ಎಲ್ಲೋ ಕೇಳಿದ್ದರಂತೆ. ಹೆಸರು ಸಿಕ್ಕಿದರೆ ಕಾಯಿಲೆ ಅರ್ಧ ಹೋಯಿತು ಎನ್ನುವ ಪೈಕಿ ಅವರು. ನನಗೆ ಹೆಸರು ಬೇಡ. ನನಗೆ ಅನ್ನಿಸುವುದು ಬಹಳ ಸರಳ. ಒಂದು ದಿನ ಯಾರೋ ಬಂದೇ ಬರುತ್ತಾರೆ. ಜೋರು ಮಾಡುವವರಲ್ಲ, ಸಭ್ಯರು. ಇಷ್ಟು ದಿನ ನೋಡ್ಕೊಂಡ್ರಲ್ಲಮ್ಮ, ಸಾಕು, ಏಳಿ ಎನ್ನುತ್ತಾರೆ. ನಾನು ಕೈಚೀಲ ತೆಗೆದುಕೊಂಡು ಏಳುತ್ತೇನೆ. ಜಗಳವನ್ನೂ ಆಡುವುದಿಲ್ಲ.

ಬರುವವರು ಹೇಗೂ ಬರುತ್ತಾರೆ, ನಾನೇ ಕರೆಸಿಬಿಟ್ಟರೆ ಕಾಯುವ ಕಷ್ಟವಾದರೂ ತಪ್ಪುತ್ತದಲ್ಲ. ಅದಕ್ಕೇ ಒಬ್ಬರನ್ನು ನೋಡಿದ್ದೇನೆ. ಆಡಳಿತ ಓದಿದವರು, ದೊಡ್ಡ ಕಂಪನಿಗಳನ್ನು ನಡೆಸಿದವರು. ಬಿಸಿಲಲ್ಲೂ ಕೋಟು ಹಾಕಿಕೊಂಡು ಬಂದರು, ಆದ್ದರಿಂದ ಲ್ಯಾಬಿನಲ್ಲಿ ಅವರ ಹೆಸರು ಆಗಲೇ ಕೋಟಿನವರು. ಅವರು ಮುಖ್ಯಸ್ಥರಾಗಿ ಮೇಲಿರಲಿ, ನಾನು ಒಂದು ಮೂಲೆಯಲ್ಲಿ ಕೂತು ಹಲ್ಲು ಕಟ್ಟಿಕೊಂಡಿರುತ್ತೇನೆ. ಕೊನೆಯ ಮಾತುಕತೆಗೆ ಅವರು ಬರುವ ವಾರ ಬರುತ್ತಾರೆ. ಆಮೇಲೆ ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ.

ನೀನು ಹೂಂ ಅನ್ನು, ಇಲ್ಲ ಊಹೂಂ ಅನ್ನು. ಎರಡರಲ್ಲಿ ಯಾವುದಾದರೂ ಸರಿ. ಕಾಗದವೇ ಬರೆಯಬೇಕೆಂದಿಲ್ಲ, ಸಿಗ್ನಲ್ಲು ಸಿಕ್ಕಿದ ಕಡೆ ನಿಂತು ಒಂದು ಮೆಸೇಜು ಹಾಕಿದರೂ ಆಯಿತು.

ನಿನ್ನ
ತಂಗಿ

*

ಮಾರ್ಚ್ ೨, ಭಾನುವಾರ

ಅಕ್ಕ,

"ಗೊತ್ತಿಲ್ಲ ಕಣೇ." ಇಷ್ಟೇನಾ? ಅಷ್ಟು ದೊಡ್ಡ ಕಾಗದಕ್ಕೆ ಒಂದೂವರೆ ಪದ. ಮೊದಲು ಸಿಟ್ಟು ಬಂತು. ಆಮೇಲೆ ಒಂದು ವಿಚಿತ್ರ ಹೊಳೆಯಿತು. ಒಲೆಯ ಮುಂದೆ ನಿಂತು ನಾನು ಕೇಳುವ ಅಕ್ಕ ಇದುವರೆಗೆ ಒಂದು ಸಲವೂ ಗೊತ್ತಿಲ್ಲ ಎಂದವಳಲ್ಲ. ಅವಳಿಗೆ ಎಲ್ಲ ಗೊತ್ತು, ಬಿದ್ದ ಹಲ್ಲಿನ ಜಾಗಕ್ಕೆ ಕಟ್ಟುವ ಸೇತುವೆಗೆ ಎಷ್ಟು ಆಧಾರ ಬೇಕು, ಯಾವ ಡಾಕ್ಟರಿಗೆ ಹೇಗೆ ಮಾತಾಡಬೇಕು, ಎಲ್ಲ. ನೀನು ಲ್ಯಾಬು ಬಿಟ್ಟಾಗ ಇದ್ದದ್ದು ಅಪ್ಪನ ಹಳೇ ಒಲೆ. ಈಗಿನ ಒಲೆಯನ್ನು ನೀನು ಕಣ್ಣಲ್ಲೂ ನೋಡಿಲ್ಲ. ಹಾಗಾದರೆ ಇಷ್ಟು ದಿನ ಅದರ ಬಗ್ಗೆ ನನಗೆ ಉತ್ತರ ಕೊಡುತ್ತಿದ್ದವಳು ಯಾರು? ಹೀಗೆ ಯೋಚಿಸುತ್ತ ಕೂತೆನೇ ಹೊರತು ಕೋಟಿನವರಿಗೆ ಬರಬೇಡಿ ಎಂದು ಹೇಳಲಿಲ್ಲ. ಅವರು ಬಂದರು.

ಅವರ ವಿಷಯ ಹೇಳುವ ಮುಂಚೆ ಇನ್ನೊಬ್ಬರ ವಿಷಯ ಹೇಳಬೇಕು. ಅಪ್ಪನ ಕಾಲದಿಂದ ನಮಗೆ ಕೆಲಸ ಕೊಡುವ ಮುಂಗೋಪಿ ಡಾಕ್ಟರು ನಿನಗೆ ನೆನಪಿರಬೇಕು, ಫೋನಿನಲ್ಲಿ ಹಲೋ ಎನ್ನುವ ಬದಲು ಕೆಮ್ಮುವವರು. ಅವರ ಹತ್ತಿರ ರೇಡಿಯೋದಲ್ಲಿ ಸುದ್ದಿ ಓದುವ ಒಬ್ಬಾಕೆ ಬಂದಿದ್ದರು. ಸ್ಕೂಟರಿನಿಂದ ಬಿದ್ದು ಮೇಲಿನ ಮುಂದಿನ ಹಲ್ಲುಗಳೆಲ್ಲ ಹೋಗಿವೆ. ನಾವು ಮಾಡಿ ಕಳಿಸಿದ ಹಲ್ಲು ನೋಡಲು ಮುತ್ತು ಪೋಣಿಸಿದ ಹಾಗಿತ್ತು. ಆದರೆ ಆಕೆ "ಸಚಿವ ಸಂಪುಟ ಸಭೆ" ಎಂದರೆ ನಡುನಡುವೆ ಸೀಟಿ ಬರುತ್ತಿತ್ತು. ನಮ್ಮ ಮನೆಯವರಾದರೆ ಸಂತೋಷಪಡುತ್ತಿದ್ದರು. ಆಕೆಗೆ ಅದು ಹೊಟ್ಟೆಪಾಡು. ಡಾಕ್ಟರು ಅದನ್ನು ವಾಪಸು ಕಳಿಸಿ, ಸಾಲು ಕೆಡಿಸದೆ, ಉದ್ದ ಒಂದಿಷ್ಟು ಕಡಿಮೆ ಮಾಡಿ ಕೊಡಿ ಎಂದು ಹೇಳಿದ್ದರು.

ನಾನು ಆಕೆಯ ಹಳೆಯ ಫೋಟೋ ತರಿಸಿದೆ. ನಗುವ ಫೋಟೋ. ಮುಂದಿನ ಎರಡು ಹಲ್ಲಿನಲ್ಲಿ ಒಂದು ಇನ್ನೊಂದರ ಹಿಂದೆ ಸ್ವಲ್ಪ ಸರಿದಿತ್ತು, ಸಾಲಿನಲ್ಲಿ ನಿಲ್ಲಲು ನಾಚಿಕೊಂಡ ಹಾಗೆ. ಹುಟ್ಟಿದಾಗಿನಿಂದ ಆ ನಾಲಿಗೆ ಸಕಾರ ಕಲಿತದ್ದು ಆ ಸೊಟ್ಟ ಹಲ್ಲಿಗೆ ತಾಗಿಯೇ. ನಾನು ಕೂತು ಹೊಸದಾಗಿ ಕಟ್ಟಿದೆ. ಒಂದು ಹಲ್ಲನ್ನು ಹಿಂದಕ್ಕೆ ಸರಿಸಿದೆ, ಒಳಮೈಯನ್ನು ತೆಳ್ಳಗೆ ಮಾಡಿದೆ, ಒಂದೇ ಸಲ ಬೇಯಿಸಿ, ಕೊನೆಯ ಹೊಳಪು ಕೊಡದೆ, ಹಾಕಿ ನೋಡಲಿ ಎಂದು ಕಳಿಸಿದೆ. ಡಾಕ್ಟರು ಹೇಳಿದ್ದಕ್ಕೆ ಸರಿಯಾಗಿ ತಿರುಗಾಮುರುಗಾ. ಅಷ್ಟು ಹೊತ್ತೂ ನಾನು ಒಲೆಯ ಪಕ್ಕದಲ್ಲೇ ಕೂತಿದ್ದೆ, ಯಾರನ್ನೂ ಏನೂ ಕೇಳಲಿಲ್ಲ. ಕೇಳಲಿಲ್ಲ ಎಂಬುದು ಆಗ ನನ್ನ ಗಮನಕ್ಕೂ ಬರಲಿಲ್ಲ.

ಆ ಹಲ್ಲು ಡಾಕ್ಟರ ಕೈಗೆ ಸೇರಿದ ಹೊತ್ತಿಗೆ ಕೋಟಿನವರು ನನ್ನೆದುರು ಕೂತಿದ್ದರು. ಒಳ್ಳೆಯ ಮನುಷ್ಯ, ಅಕ್ಕ. ಮೂರೂ ಅಂತಸ್ತು ತಿರುಗಿ ನೋಡಿದ್ದರು, ಕೆಲಸದವರ ಹೆಸರು ಕೇಳಿ ನೆನಪಿಟ್ಟುಕೊಂಡಿದ್ದರು. ಬಿಳಿ ಹಲಗೆಯ ಮೇಲೆ ಲ್ಯಾಬಿನ ಚಿತ್ರ ಬರೆದರು, ಮೇಲಿನಿಂದ ಕೆಳಕ್ಕೆ ಚೌಕಗಳು. ಎಲ್ಲಕ್ಕಿಂತ ಮೇಲಿನ ಚೌಕವನ್ನು ಖಾಲಿ ಬಿಟ್ಟು, ಅದರ ಕೆಳಗಿನದರಲ್ಲಿ ತಮ್ಮ ಹೆಸರು ಬರೆದರು. ಮೂರನೆಯದರಲ್ಲಿ ನನ್ನದು. ನನಗೆ ಬೇಸರವಾಗಲಿಲ್ಲ. ಸರಿಯಾಗಿಯೇ ಬರೆದಿದ್ದಾರೆ ಅನ್ನಿಸಿತು. ಖಾಲಿ ಚೌಕ ಯಾರದು ಎಂದು ಮಾತ್ರ ಕೇಳಿದೆ.

ಅವರು ಒಳಕೋಣೆಯ ಬಾಗಿಲ ಕಡೆ ನೋಡಿ ಮುಗುಳ್ನಕ್ಕರು. "ಯಜಮಾನ್ರದು. ಕೊನೇ ಸುತ್ತು ಅವ್ರ ಜೊತೆ ಅಲ್ವಾ ಮೇಡಂ? ಅವ್ರು ಯಾರನ್ನೂ ನೋಡಲ್ಲ, ಟೀ ಮಾತ್ರ ಕುಡೀತಾರೆ ಅಂದ್ರು ನಿಮ್ಮ ಹುಡುಗಿ. ಇವತ್ತು ಒಂದೈದು ನಿಮಿಷ ಸಿಗ್ತಾರಾ?"

ಏನು ಹೇಳಲಿ? ನನ್ನ ಬಾಯಿಗೆ ಬಂದದ್ದು ಕೇಳಿ ಹೇಳ್ತೀನಿ ಎಂದೇ. ಎದ್ದೂ ಬಿಟ್ಟಿದ್ದೆ. ಅಷ್ಟರಲ್ಲಿ ಫೋನಿನವಳು ಓಡಿಬಂದು, ಡಾಕ್ಟರು, ತುಂಬ ಕೆಮ್ಮುತ್ತಿದ್ದಾರೆ ಎಂದು ಫೋನು ಕೈಗಿಟ್ಟಳು.

ಡಾಕ್ಟರು ಬೈದದ್ದನ್ನೆಲ್ಲ ಬರೆಯುವುದಿಲ್ಲ, ಅರ್ಧ ನಿನಗೆ ಬಾಯಿಪಾಠವಿದೆ. ತಾವು ಹೇಳಿದ್ದೇನು, ಬಂದಿರುವುದೇನು, ಚೆಂದದ ಸಾಲನ್ನು ಸೊಟ್ಟ ಮಾಡಿ ಕಳಿಸಿದ್ದೀರಲ್ಲ, ನಿಮ್ಮ ತಂದೆಯಿದ್ದಿದ್ದರೆ ಹೀಗಾಗುತ್ತಿತ್ತಾ ಎಂದೆಲ್ಲ ಆಯಿತು. ಕೊನೆಗೆ ಉಸಿರು ತೆಗೆದುಕೊಂಡು ಕೇಳಿದರು.

"ಅಲ್ಲಮ್ಮ, ಯಾರನ್ನ ಕೇಳಿ ಮಾಡಿದ್ರಿ ಇದನ್ನ?"

"ಯಾರನ್ನೂ ಕೇಳಿಲ್ಲ ಡಾಕ್ಟ್ರೇ. ನಾನೇ ಮಾಡಿದ್ದು."

ಹೇಳಿದ ಮೇಲೆ ನನಗೇ ಕೇಳಿಸಿತು. ನಿನ್ನ ಹೆಸರೂ ಬರಲಿಲ್ಲ, ಅಪ್ಪನ ಹೆಸರೂ ಬರಲಿಲ್ಲ. ಬೇಕಾಗಿರಲಿಲ್ಲ, ಏಕೆಂದರೆ ಅದು ನಿಜವಾಗಿತ್ತು. ಹೊರಗಿನ ಸಾಲಿನಲ್ಲಿ ಹಲ್ಲಿಗೆ ನಯ ಕೊಡುವ ಯಂತ್ರಗಳು ಒಂದೊಂದಾಗಿ ನಿಂತವು. ಆಕೆಯ ಬಾಯಿಗೆ ಹಾಕಿ ಓದಿಸಿ ನೋಡಿ, ಸೀಟಿ ಬಂದರೆ ನನ್ನ ತಪ್ಪು, ನಾನೇ ಬೇರೆ ಮಾಡಿಕೊಡುತ್ತೇನೆ ಎಂದೆ. ಅವರು ಕೆಮ್ಮಿ ಫೋನಿಟ್ಟರು.

ನಾನು ಮತ್ತೆ ಕೋಟಿನವರ ಎದುರು ಕೂತೆ. ಅವರಿಗೆ ಎಲ್ಲ ಕೇಳಿಸಿತ್ತು. ಒಳಕೋಣೆಯ ಬಾಗಿಲನ್ನು ಇನ್ನೊಮ್ಮೆ ನೋಡಿದರು, ನನ್ನನ್ನು ನೋಡಿದರು, ಮುಖ ನಿಧಾನವಾಗಿ ಕೆಂಪಾಯಿತು. ನನ್ನ ಅಪ್ಪಣೆ ಪಡೆಯದೆಯೇ ಎದ್ದು ಹೋಗಿ ಹಲಗೆ ಒರೆಸತೊಡಗಿದರು. ಮೇಲಿನ ಚೌಕದಲ್ಲಿ ನನ್ನ ಹೆಸರು ಬರೆಯಿರಿ ಎಂದೆ. ಅವರು ಬರೆದರು. ಎರಡನೆಯದು ನಿಮ್ಮದೇ ಇರಲಿ, ಅಚ್ಚು ಬರುವುದು, ಹಲ್ಲು ಹೋಗುವುದು, ಜನರ ಪಾಳಿ, ಇದೆಲ್ಲ ನನಗೆ ನಿಜಕ್ಕೂ ಬರುವುದಿಲ್ಲ, ನೀವು ಬಂದರೆ ನನಗೆ ಉಪಕಾರ ಎಂದೆ. ಅವರು, "ಮನೇಲಿ ಕೇಳಿ ಹೇಳ್ತೀನಿ ಮೇಡಂ" ಎಂದರು.

ನಗು ತಡೆದುಕೊಂಡದ್ದಕ್ಕೆ ನೀನು ನನ್ನನ್ನು ಮೆಚ್ಚಬೇಕು.

ಅವರು ಹೋದ ಮೇಲೆ ಫೋನಿನವಳು ಬಾಗಿಲಲ್ಲಿ ನಿಂತಳು. ಅಳುವ ಹಾಗಿದ್ದಳು.

"ಒಳಗಿನವ್ರು ಬಿಟ್ಟು ಹೋದ್ರಾ ಮೇಡಂ?"

ಈ ಸಲ ಅವಳನ್ನು ಕೈಹಿಡಿದು ಒಳಕೋಣೆಗೆ ಕರೆದುಕೊಂಡು ಹೋದೆ. ಒಲೆ, ನನ್ನ ಮೇಜು, ನನ್ನ ಸ್ಟೂಲು, ಬಣ್ಣ ನೋಡುವ ಕಿಟಕಿ. ಅವಳು ಬಾಗಿಲ ಹಿಂದೆಯೂ ಇಣುಕಿದಳು. ಆಮೇಲೆ, "ಹಾಗಾದ್ರೆ ಅಷ್ಟೂ ದಿನ ಎರಡೂ ನೀವೇ ಕುಡಿದ್ರಾ?" ಎಂದಳು, ಮೋಸ ಹೋದವಳ ದನಿಯಲ್ಲಿ. ಹೌದು ಎಂದೆ. ನಾಳೆಯಿಂದ ಒಂದೇ ಸಾಕಾ ಎಂದಳು. ಎರಡೇ ತಾ, ಅಭ್ಯಾಸವಾಗಿದೆ ಎಂದೆ.

ಸುದ್ದಿ ಓದುವಾಕೆಯ ವಿಷಯ ಹೇಳಿಬಿಡುತ್ತೇನೆ. ನಾನು ಮಾಡಿದ್ದು ಪೂರ್ತಿ ಸರಿಯಾಗಿರಲಿಲ್ಲ. ಸಕಾರ ಬಂತು, ಆದರೆ ಎಡಗಡೆಯ ಹಲ್ಲು ತುಟಿಗೆ ಒತ್ತುತ್ತಿತ್ತು, ಅದೊಂದನ್ನು ಮತ್ತೆ ಕಟ್ಟಬೇಕಾಯಿತು. ಮೊದಲಾಗಿದ್ದರೆ ಒಂದು ತಿಂಗಳು ಊಟ ಸೇರುತ್ತಿರಲಿಲ್ಲ. ಈ ಸಲ ಹಾಗಾಗಲಿಲ್ಲ. ತಪ್ಪು ನನ್ನದೇ ಆಗಿದ್ದರಿಂದ ಎಲ್ಲಿ ತಪ್ಪಿದೆ ಎಂದು ನನಗೆ ಗೊತ್ತಿತ್ತು, ಎರವಲು ತಂದ ಸರಿಗಿಂತ ಅದು ಹಗುರ ಅನ್ನಿಸಿತು. ಮೊನ್ನೆ ಬೆಳಿಗ್ಗೆ ಲ್ಯಾಬಿನಲ್ಲಿ ಎಲ್ಲರೂ ರೇಡಿಯೋ ಹಾಕಿಕೊಂಡು ಕೂತೆವು. ಸಚಿವರು, ಸಂಸತ್ತು, ಸರಕು ಸಾಗಣೆ, ಒಂದೂ ಸೀಟಿಯಿಲ್ಲದೆ ಹಾದುಹೋದವು. ಸುದ್ದಿ ಏನಿತ್ತು ಎಂದು ಯಾರಿಗೂ ನೆನಪಿಲ್ಲ. ಡಾಕ್ಟರು ಹೊಗಳಲಿಲ್ಲ. ಮುಂದಿನ ಕೆಲಸ ಕಳಿಸಿ, ನೀವೇ ನೋಡಿ ಮಾಡಿ ಎಂದರು, ಅಷ್ಟೇ. ಕೋಟಿನವರ ಮನೆಯಲ್ಲಿ ಒಪ್ಪಿದರಂತೆ, ಮುಂದಿನ ವಾರ ಬರುತ್ತಾರೆ. ಕೋಟು ಬೇಡ ಎಂದು ಹೇಳಿದ್ದೇನೆ, ಪ್ಲಾಸ್ಟರಿನ ಧೂಳು.

ಎಲ್ಲ ವಾಸಿಯಾಯಿತು ಎಂದುಕೊಳ್ಳಬೇಡ. ನಿನ್ನೆಯೂ ಒಬ್ಬರಿಗೆ ಕೇಳಿ ಹೇಳ್ತೀನಿ ಎಂದು ಒಳಗೆ ಹೋಗಿ ನಿಂತಿದ್ದೆ. ನಿಂತಿದ್ದಾಗ ನಿನ್ನ "ಗೊತ್ತಿಲ್ಲ ಕಣೇ" ನೆನಪಾಗಿ ಹೊರಗೆ ಬಂದೆ. ನೀನು ಎಷ್ಟು ಪ್ರೀತಿಯಿಂದ ಅದನ್ನು ಬರೆದೆಯೋ ನನಗೆ ಈಗ ಅರ್ಥವಾಗುತ್ತಿದೆ. ಒಂದೂವರೆ ಪದ ಎಂದು ಬೈದದ್ದನ್ನು ಹಿಂದೆ ತೆಗೆದುಕೊಂಡಿದ್ದೇನೆ.

ಬಿಸಿಲಲ್ಲಿ ಟೋಪಿಯಿಲ್ಲದೆ ಬಂಡೆ ಹತ್ತಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಾನು ನಿನಗಿಂತ ಚಿಕ್ಕವಳು, ಹರಸುವ ಹಾಗಿಲ್ಲ, ಆದರೂ ನೀನು ತಣ್ಣಗಿರು ಎಂದು ಇಲ್ಲಿಂದಲೇ ಅಂದುಕೊಳ್ಳುತ್ತೇನೆ. ರಜೆ ಸಿಕ್ಕಿದರೆ ಬಾ. ಹೊಸ ಒಲೆ ತೋರಿಸುತ್ತೇನೆ.

ನಿನ್ನ
ತಂಗಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಅಪ್ಪನ ಕೊನೆಯ ವರ್ಷ ನೀನು ಒಂದು ವಾರ ಬಂದು ಹೋದೆಯಲ್ಲ, ಆ ವಾರದ ಮಾತು. ನೀನು ಹೊರಟ ಮರುದಿನ ನಾನು ಕಟ್ಟಿದ ಒಂದು ದವಡೆ ಹಲ್ಲನ್ನು ಮನೆಗೆ ತಂದು ಅಪ್ಪನ ಅಂಗೈಯಲ್ಲಿ ಇಟ್ಟೆ. ಅವರು ಅದನ್ನು ಹೆಬ್ಬೆರಳಿನಿಂದ ಬಹಳ ಹೊತ್ತು ಸವರಿದರು. "ದೊಡ್ಡವಳ ಕೈ" ಎಂದರು, "ಹೋಗೋ ಮುಂಚೆ ಒಂದು ಮಾಡಿಟ್ಟು ಹೋಗಿದಾಳೆ ನೋಡು." ನನ್ನ ಕೆಲಸದಲ್ಲಿ ಅವರು ಹಾಗೆ ಮೆಚ್ಚಿದ್ದು ಅದೊಂದನ್ನೇ. ನಾನು ಹೌದಪ್ಪ ಎಂದೆ. ಖುಷಿಯಾಗಿದ್ದರು, ಆ ಖುಷಿಯನ್ನು ಕೈಯಿಂದ ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ. ಈ ಮಾತನ್ನು ನಿನಗೆ ಹೇಳಿದ್ದು ನಿನ್ನನ್ನು ದೂರುವುದಕ್ಕಲ್ಲ, ನೀನು ನೊಂದುಕೊಳ್ಳಬೇಡ. ಆದರೆ ನಮ್ಮಿಬ್ಬರ ಕೈ ಹಿಡಿದು ಕಲಿಸಿದವರು ಅವರು. ಕಣ್ಣು ಮಂಜಾಗಿತ್ತು, ಹೆಬ್ಬೆರಳು ಮಂಜಾಗಿರಲಿಲ್ಲ. ಹಾಗೆ ಹೇಳುವಾಗ ಅವರ ಮುಖ ನನ್ನ ಕಡೆಗೇ ಇತ್ತು, ತುಟಿಯ ಮೇಲೆ ನಗುವಿದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ನಿನ್ನನ್ನು ಕೇಳಿ ಪ್ರಯೋಜನವಿಲ್ಲ, ನೀನು ಗೊತ್ತಿಲ್ಲ ಎನ್ನುತ್ತೀಯ.

ಅಪ್ಪಾ, ಅದು ನನ್ನ ಕೈ ಅಂತ ನಿಮಗೆ ಗೊತ್ತಿತ್ತಾ?